ಐನೂರು ಉತ್ತರ, ಒಂದು ಪ್ರಶ್ನೆ ಕಡಿಮೆ

ಬಸವಣ್ಣೆಪ್ಪ: ಆನಿ ಹಾರತೈತೇನ್ರಿ ಸಾಹೇಬ್ರ? ಹೌದೋ ಇಲ್ಲೋ, ಒಂದ ಮಾತಿನಾಗ ಹೇಳ್ರಿ.

ದಾದಾಪೀರ: ಯಾರ ಆನಿ?

ಬಸವಣ್ಣೆಪ್ಪ: ಯಾರದರ ಆಗಲಿ. ಹಾರತೈತೋ ಇಲ್ಲೋ?

ದಾದಾಪೀರ: ಮೊದಲ ಕುಂದರ್ರಿ ಗುರುಗಳ. ಬಿಸಲಾಗ ಬಂದೀರಿ. ಚಾ ತರಸ್ತೇನಿ.

ಬಸವಣ್ಣೆಪ್ಪ: ಚಾ ಬ್ಯಾಡ. ನನಗ ಆನಿ ಬೇಕು.

ಸವಣೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ದಾದಾಪೀರನ ಪ್ರಿಂಟಿಂಗ್ ಪ್ರೆಸ್ಸು. ತಿಳವಳ್ಳಿಯಿಂದ ಸಿಕ್ಕ ಬಸ್ಸು ಹಿಡಿದು, ಹಾನಗಲ್ಲಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಬಂದಿದ್ದ ಬಸವಣ್ಣೆಪ್ಪ ಮಾಸ್ತರು ಬಾಗಿಲಲ್ಲೇ ನಿಂತಿದ್ದರು. ಬಗಲಲ್ಲಿ ಒಂದು ಪುಸ್ತಕ. ಮುಖಪುಟದ ಮೇಲೆ ಭೂಗೋಳದ ಚಿತ್ರ, ಅದರ ಕೆಳಗೆ ‘ಐನೂರು ಪ್ರಶ್ನೆ, ಐನೂರು ಉತ್ತರ: ವಿದ್ಯಾರ್ಥಿಗಳ ಸಾಮಾನ್ಯ ಜ್ಞಾನ’, ಅದರ ಕೆಳಗೆ ಭೂಗೋಳಕ್ಕಿಂತ ತುಸು ದೊಡ್ಡದಾಗಿ ಮಾಸ್ತರ ಹೆಸರು. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿ ನಿವೃತ್ತರಾದ ಮೇಲೆ, ಇನ್ನು ಕೇಳಲು ಯಾರೂ ಸಿಗದೆ ಬರೆದ ಪುಸ್ತಕ ಅದು. ಮುನ್ನೂರು ಪ್ರತಿ ಅಚ್ಚಾಗಿ ಮೂರು ವಾರವಾಗಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕಿನ ಶಾಲೆಗಳಿಗೆ ಕಟ್ಟು ಕಟ್ಟಿ ಕಳಿಸಿಯೂ ಆಗಿತ್ತು. ಮರುದಿನ ಹಾನಗಲ್ಲಿನಲ್ಲಿ ನಾಲ್ಕೂ ತಾಲೂಕಿನ ಮಕ್ಕಳಿಗೆ ರಸಪ್ರಶ್ನೆ ಸ್ಪರ್ಧೆ. ಪ್ರಶ್ನೆ ಕೇಳುವವರು ಮಾಸ್ತರೇ, ಕೇಳುವುದು ಈ ಪುಸ್ತಕದಿಂದಲೇ.

ದಾದಾಪೀರ: ಮುಖಪುಟದ ಮ್ಯಾಲ ಆನಿ ಬೇಕಿತ್ತೇನ್ರಿ? ಭೂಗೋಳ ಸಾಕು ಅಂದವ್ರು ನೀವ.

ಬಸವಣ್ಣೆಪ್ಪ: ಮುಖಪುಟ ಅಲ್ರೀ! ಅರವತ್ಮೂರನೇ ಪ್ರಶ್ನಿ ಓದ್ರಿ.

ದಾದಾಪೀರ (ಕನ್ನಡಕ ಏರಿಸಿ): ‘ಕರ್ನಾಟಕದ ರಾಜ್ಯ ಪಕ್ಷಿ ಯಾವುದು?’ ಚಲೋ ಪ್ರಶ್ನಿ.

ಬಸವಣ್ಣೆಪ್ಪ: ಈಗ ಹಿಂದಿನ ಪುಟದಾಗ ಅರವತ್ಮೂರನೇ ಉತ್ತರ ಓದ್ರಿ.

ದಾದಾಪೀರ: ‘ಆನೆ.’

ದಾದಾಪೀರ ಕನ್ನಡಕ ಇಳಿಸಿ ಪುಸ್ತಕವನ್ನು ಮಾಸ್ತರಿಗೆ ಮರಳಿಸಿದ.

ದಾದಾಪೀರ: ಒಂದರಾಗ ತಪ್ಪಿದ್ದೀತು ಬಿಡ್ರಿ. ಲಗ್ನಪತ್ರಿಕಿಯೊಳಗ ವರನ ಹೆಸರ ತಪ್ಪಿದ್ದೂ ಐತಿ. ಲಗ್ನ ನಿಂತಿಲ್ಲ.

ಬಸವಣ್ಣೆಪ್ಪ: ಒಂದಲ್ಲ. ‘ರಕ್ತವನ್ನು ಶುದ್ಧಿ ಮಾಡುವ ಅಂಗ ಯಾವುದು?’ ಉತ್ತರ ಏನೈತಿ ಗೊತ್ತೇನು? ‘ಸಂಸತ್ತು.’

ದಾದಾಪೀರ: ಅಂಗ ಅಂತೂ ಹೌದಲ್ರಿ, ಸರ್ಕಾರದ್ದು.

ಬಸವಣ್ಣೆಪ್ಪ: ‘ಹಸುವಿನ ಜಠರದಲ್ಲಿ ಎಷ್ಟು ಕೋಣೆಗಳಿವೆ?’ ‘ಮುಳ್ಳಯ್ಯನಗಿರಿ.’

ದಾದಾಪೀರ: ಅಷ್ಟು ದೊಡ್ಡ ಗುಡ್ಡ ಹೆಂಗ ನುಂಗ್ತು?

ಬಸವಣ್ಣೆಪ್ಪ: ನಗಬ್ಯಾಡ್ರಿ! ಮುಂಜಾನೆ ನನ್ನ ಹೇಣ್ತಿ ಸಿದ್ದವ್ವ, ‘ನಾಳಿ ನೀವು ಮಂದಿಗೆ ಕೇಳಾವ್ರು, ಇವತ್ತ ನಾ ನಿಮಗ ಕೇಳ್ತೇನಿ’ ಅಂತ ಪುಸ್ತಕ ಹಿಡಕೊಂಡು ಕುಂತ್ಲು. ರಾಜ್ಯ ಪಕ್ಷಿ ಅಂದ್ಲು. ನೀಲಕಂಠ ಅಂದೆ. ‘ತಪ್ಪು’ ಅಂದ್ಲು. ನಾ ಬರದ ಪುಸ್ತಕದಾಗ ನಾನ ನಪಾಸ!

ನಿಜ ಹೇಳಬೇಕೆಂದರೆ, ಪುಸ್ತಕ ಅಚ್ಚಾದಂದಿನಿಂದ ಮಾಸ್ತರು ಹಿಂದಿನ ಪುಟಗಳನ್ನು ತಿರುವಿಯೇ ಇರಲಿಲ್ಲ. ಉತ್ತರ ನೋಡುವುದು ಗೊತ್ತಿಲ್ಲದವರ ಕೆಲಸ ಎಂದು ಅವರ ನಂಬಿಕೆ. ಮುಖಪುಟವನ್ನು ಮಾತ್ರ ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದರು.

ದಾದಾಪೀರ ಪುಸ್ತಕ ಕಸಿದುಕೊಂಡು, ಒಂದು ಬೆರಳು ಮುಂದೆ, ಒಂದು ಬೆರಳು ಹಿಂದೆ ಇಟ್ಟು ತಾಳೆ ನೋಡತೊಡಗಿದ.

ದಾದಾಪೀರ: ಗುರುಗಳ, ಮೊದಲನೇ ಹದಿನಾರು ಬರೋಬ್ಬರಿ ಅದಾವ. ಹದಿನೇಳರಿಂದ ಗಾಡಿ ಹಳಿ ತಪ್ಪೇತಿ. ಪ್ರತಿ ಪ್ರಶ್ನಿಗೂ ಅದರ ಹಿಂದಿನ ಪ್ರಶ್ನಿ ಉತ್ತರ ಬಂದು ಕುಂತೈತಿ. ಇಲ್ನೋಡ್ರಿ, ಪ್ರಶ್ನಿ ನಾಕನೂರಾ ತೊಂಬತ್ತೊಂಬತ್ತ ಅದಾವ. ಉತ್ತರ ಐನೂರು!

ಬಸವಣ್ಣೆಪ್ಪ: ಅಂದ್ರ ಒಂದು ಪ್ರಶ್ನಿ ನೀವು ನುಂಗೀರಿ.

ದಾದಾಪೀರ: ನಾ ಯಾಕ ನುಂಗಲಿ? ನೀವು ಕೊಟ್ಟದ್ದನ್ನ ಕೊಟ್ಟಂಗ ಟೈಪ್ ಮಾಡೇನಿ.

ಬಸವಣ್ಣೆಪ್ಪ: ನಾ ಐನೂರು ಕೊಟ್ಟಿದ್ನಿ.

ದಾದಾಪೀರ: ನಾ ಐನೂರು ಟೈಪ್ ಮಾಡಿದ್ನಿ.

ಬಸವಣ್ಣೆಪ್ಪ: ಹಂಗಾರ ಆ ಪ್ರಶ್ನಿ ಎದ್ದು ಹಾವೇರಿಗೆ ಹೋತೇನು?

ದಾದಾಪೀರ: ತಡೀರಿ. ನೀವು ತಿದ್ದಿ ಕೊಟ್ಟ ಪ್ರೂಫ್ ತಗೀತೇನಿ. ನಾ ಯಾವ ಹಾಳಿನೂ ಒಗೆಯೂದಿಲ್ಲ.

ಬಸವಣ್ಣೆಪ್ಪ: ತಗೀರಿ. ಇವತ್ತ ಯಾರ ಬಂಡವಾಳ ಏನಂತ ಹೊರಗ ಬೀಳಲಿ. ಮೂವತ್ತನಾಕು ವರ್ಷ ಮಕ್ಕಳ ತಪ್ಪು ತಿದ್ದಿದ ಕೈ ಇದು. ಕೆಂಪು ಶಾಯಿ ಬಿಟ್ಟು ಬ್ಯಾರೆ ಶಾಯಿ ಮುಟ್ಟಿಲ್ಲ.

ದಾದಾಪೀರ ಅಟ್ಟದ ಮೇಲಿನಿಂದ ಒಂದು ರಟ್ಟಿನ ಡಬ್ಬಿ ಇಳಿಸಿ ಧೂಳು ಕೊಡವಿದ. ಎರಡನೇ ಹಾಳೆಯಲ್ಲೇ ಸಿಕ್ಕಿತು. ಹದಿನೇಳನೇ ಪ್ರಶ್ನೆಯ ಮೇಲೆ ಈ ಕಡೆಯಿಂದ ಆ ಕಡೆಗೆ ಎರಡು ಗೆರೆ. ಪಕ್ಕದಲ್ಲಿ ‘ತೆಗೆಯಿರಿ’ ಎಂಬ ಅಪ್ಪಣೆ. ಅದರ ಕೆಳಗೆ ಬಾಲ ಸುತ್ತಿದ ಸಹಿ. ಎಲ್ಲವೂ ಕೆಂಪು ಶಾಯಿಯಲ್ಲಿ.

ದಾದಾಪೀರ: ಈ ಸಹಿ ಯಾರದ್ರಿ ಗುರುಗಳ?

ಮಾಸ್ತರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸಹಿ ಬದಲಾಗಲಿಲ್ಲ.

ಬಸವಣ್ಣೆಪ್ಪ: ... ಚಾ ತರಸ್ತೇನಿ ಅಂದಿದ್ರೆಲ್ಲ.

ದಾದಾಪೀರ: ತರಸ್ತೇನಿ. ಮೊದಲ ಇದನ್ನ ಹೇಳ್ರಿ. ಪ್ರಶ್ನಿ ತಗದ್ರಿ, ಹಿಂದಿನ ಉತ್ತರ ಯಾಕ ಬಿಟ್ರಿ? ‘ಸವಣೂರಿನ ದೊಡ್ಡಹುಣಸೆ ಮರ ಯಾವ ಜಾತಿಗೆ ಸೇರಿದ್ದು?’ ಇಷ್ಟು ಚಲೋ ಪ್ರಶ್ನಿ, ಅದೂ ನಮ್ಮೂರಿಂದು, ತಗದದ್ದ ಯಾಕ?

ಬಸವಣ್ಣೆಪ್ಪ: ನಾ ಉತ್ತರ ‘ಹುಣಸೆ’ ಅಂತ ಬರದಿದ್ನಿ.

ದಾದಾಪೀರ: ಅದು ಹುಣಸಿ ಅಲ್ರಿ. ಆಫ್ರಿಕಾ ಕಡೆ ಮರ, ಬಾವೋಬಾಬ್. ನಮ್ಮೂರಾಗ ಎಲ್ಲಾರಿಗೂ ಗೊತ್ತೈತಿ.

ಬಸವಣ್ಣೆಪ್ಪ: ನನಗೊಬ್ಬಗ ಗೊತ್ತಿರಲಿಲ್ಲ. ಎಷ್ಟು ವರ್ಷ ಮಕ್ಕಳನ್ನ ಬಸ್ಸಿನಾಗ ಕರಕೊಂಡು ಬಂದು, ಆ ಮರದ ಬುಡಕ್ಕ ನಿಲ್ಲಿಸಿ, ‘ನೋಡ್ರಿ ಮಕ್ಕಳ, ಜಗತ್ತಿನಾಗ ಇಷ್ಟು ದಪ್ಪ ಹುಣಸಿ ಇಲ್ಲ’ ಅಂತ ಪಾಠ ಮಾಡೇನಿ! ಪ್ರೂಫ್ ಬಂದ ದಿನ ಮಗಳು ಶೀಲಾ ಓದಿ, ‘ಅಪ್ಪಾ, ಇದು ತಪ್ಪೈತಿ’ ಅಂದ್ಲು. ನಾಚಿಕಿ ಆತು. ಹೊಡದ ಹಾಕಿದ್ನಿ.

ದಾದಾಪೀರ: ಉತ್ತರ ತಿದ್ದಿದ್ರ ಮುಗೀತಿತ್ತಲ್ರಿ.

ಬಸವಣ್ಣೆಪ್ಪ: ತಿದ್ದಿದ್ರ ಮೊದಲ ತಪ್ಪಿತ್ತು ಅನ್ನೂದು ನಿಮಗ ಕಾಣ್ತಿತ್ತು. ಪ್ರಶ್ನಿನ ಇಲ್ಲಂದ್ರ ಯಾರ ಕೇಳ್ತಾರ?

ದಾದಾಪೀರ: ಹಿಂಗಾಗಿ ಆ ಹುಣಸಿ ಹೋಗಿ ‘ರಾಷ್ಟ್ರೀಯ ಹಣ್ಣು ಯಾವುದು’ ಅನ್ನೂದರ ಮುಂದ ಕುಂತೈತಿ! ನಾನೂ ನೋಡಿದ್ನಿ ಗುರುಗಳ. ಸಾರಿಗೆ, ಚಟ್ನಿಗೆ, ಎಲ್ಲಾದಕ್ಕೂ ಬೇಕಲ್ಲ, ಇದ್ದೀತು ಅಂತ ಬಿಟ್ನಿ.

ಚಹಾ ಬಂತು. ಮಾಸ್ತರು ಅದನ್ನು ಬದಿಗೆ ಸರಿಸಿದರು. ನಾಲ್ಕು ತಾಲೂಕಿನ ಮಕ್ಕಳು ಸಾಲಾಗಿ ನಿಂತು, ಮನುಷ್ಯನ ದೇಹದ ಅತಿ ದೊಡ್ಡ ಅಂಗ ಮಾವು ಎಂದು ಒಕ್ಕೊರಲಿನಿಂದ ಕೂಗುವುದು ಅವರ ಕಿವಿಯಲ್ಲಿ ಕೇಳಿಸುತ್ತಿತ್ತು. ಶಾಲೆಗಳಿಗೆ ಫೋನು ಮಾಡಿ, ಪುಸ್ತಕ ಮುಚ್ಚಿಡಿ ಎಂದು ಹೇಳುವುದೊಂದೇ ದಾರಿ ಎಂದು ಇಬ್ಬರೂ ತೀರ್ಮಾನಿಸಿದರು. ದಾದಾಪೀರ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ. ಮೊದಲಿಗೆ ಹಿರೇಕೆರೂರು ಕಡೆಯ ಒಬ್ಬ ಹೆಡ್‌ಮಾಸ್ತರು ಸಿಕ್ಕರು.

ಹೆಡ್‌ಮಾಸ್ತರು: ನಮಸ್ಕಾರ್ರಿ ಗುರುಗಳ! ಏನ್ ಪುಸ್ತಕ ಬರದೀರಿ! ನಮ್ಮ ಮಕ್ಕಳು ಬಾಯಿಪಾಠ ಮಾಡಿ ಕುಂತಾರ.

ಬಸವಣ್ಣೆಪ್ಪ: ಬಾಯಿಪಾಠ ಮಾಡ್ಯಾರ? ಎಷ್ಟು?

ಹೆಡ್‌ಮಾಸ್ತರು: ಪೂರಾ ಐನೂರು!

ಬಸವಣ್ಣೆಪ್ಪ: ಅಯ್ಯಯ್ಯ! ಮರತ ಬಿಡ್ರಿ ಅಂತ ಹೇಳ್ರಿ ಅವರಿಗೆ!

ಹೆಡ್‌ಮಾಸ್ತರು: ಹೆಂಗ ಮರೀತಾರ್ರಿ? ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತಾರ.

ಬಸವಣ್ಣೆಪ್ಪ: ನಿದ್ದಿಯೊಳಗೂ ಕೇಳಬ್ಯಾಡ್ರಿ! ಹದಿನಾರರ ತನಕ ಇಟಗೊಂಡು ಉಳದದ್ದು ಬಿಡಸ್ರಿ!

ದಾದಾಪೀರನಿಗೆ ಏನೋ ಸಂಶಯ ಬಂತು. ಅವನು ಫೋನಿನ ಕಡೆ ಬಾಗಿದ.

ದಾದಾಪೀರ: ಸರ್, ನಾನು ಪ್ರೆಸ್ಸಿನಾವ. ಒಂದ ಮಾತು. ಪುಸ್ತಕದ ಮುಖಪುಟದ ಮ್ಯಾಲ ಏನ್ ಚಿತ್ರ ಐತ್ರಿ?



ಹೆಡ್‌ಮಾಸ್ತರು: ಚಿತ್ರ... ಸರಸ್ವತಿದಲ್ರಿ?

ದಾದಾಪೀರ: ಅಲ್ರಿ.

ಹೆಡ್‌ಮಾಸ್ತರು: ಗುರುಗಳ, ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಕಟ್ಟು ಇನ್ನೂ ಬಿಚ್ಚಿಲ್ರಿ.

ಬಸವಣ್ಣೆಪ್ಪ ಮಾಸ್ತರಿಗೆ ಹೋದ ಜೀವ ಬಂದಂತಾಯಿತು. ಫೋನು ಇಟ್ಟ ಮೇಲೆ, ಬಂದ ಜೀವಕ್ಕೆ ಎಲ್ಲಿಯೋ ಸಣ್ಣಗೆ ನೋವಾಯಿತು. ಎರಡನೆಯ ಫೋನು ಹಾನಗಲ್ಲಿನ ಹತ್ತಿರದ ಒಬ್ಬ ಸಹಶಿಕ್ಷಕರಿಗೆ. ಮಕ್ಕಳು ಮುಟ್ಟಿ ಹೊಲಸು ಮಾಡಿಯಾರು ಎಂದು ಅವರು ಪುಸ್ತಕಗಳನ್ನು ಕಪಾಟಿನಲ್ಲಿ ಭದ್ರವಾಗಿ ಇಟ್ಟಿದ್ದರು. ಕೀಲಿ ತೆಗೆದುಕೊಂಡು ಹೋದವರು ವರ್ಗವಾಗಿ ಹೋಗಿದ್ದರು. ಮೂರನೆಯವರು, ‘ಯಾವ ಪುಸ್ತಕ್ರಿ?’ ಎಂದರು. ನಾಲ್ಕನೆಯವರು, ‘ಓಹೋ ಅದಾ! ಟೇಬಲ್ಲಿನ ಕಾಲು ಗಿಡ್ಡಿತ್ರಿ’ ಎಂದು ಶುರುಮಾಡಿ, ನೆನಪಾಗಿ ನಿಲ್ಲಿಸಿದರು.

ದಾದಾಪೀರ: ನಿಮ್ಮ ದೈವ ದೊಡ್ಡದು ಗುರುಗಳ. ಯಾರೂ ಓದಿಲ್ಲ! ಮಾನ ಉಳೀತು.

ಬಸವಣ್ಣೆಪ್ಪ: ಹೂಂ. ಉಳೀತು.

ದಾದಾಪೀರ: ಮತ್ಯಾಕ ಮಾರಿ ಸಣ್ಣ ಮಾಡೀರಿ? ಓದಿದ್ರು ಅಂತ ಒದರಿದ್ರಿ, ಈಗ ಓದಿಲ್ಲಂತ ಅಳಾಕತ್ತೀರಿ.

ಬಸವಣ್ಣೆಪ್ಪ: ತಪ್ಪು ಬರದೇನಿ ಅಂತ ಮಂದಿ ಬೈದಿದ್ರ ತಡಕೋತಿದ್ದೆ ಸಾಹೇಬ್ರ. ಬೈಯಾಕರ ಓದಬೇಕಲ್ಲ!

ಐದನೆಯ ಫೋನು ದುಂಡಸಿಗೆ. ಎತ್ತಿದವರು ಅಲ್ಲಿನ ಶಿಕ್ಷಕಿ ನಸೀರಾ.

ನಸೀರಾ: ಸರ್ರ, ನಾನ ನಿಮಗ ಫೋನ್ ಹಚ್ಚಾವಳಿದ್ದೆ. ನಮ್ಮಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಒಬ್ಬಾಕಿ ಅದಾಳ, ಭಾಗ್ಯಶ್ರೀ ಅಂತ. ನಿಮ್ಮ ಪುಸ್ತಕ ಹಿಡದಾಕಿ ಕೆಳಗಿಟ್ಟಿಲ್ಲ. ಒಂದ ಪ್ರಶ್ನಿ ಕೇಳಬೇಕು ಅಂತ ವಾರದಿಂದ ನನ್ನ ಬೆನ್ನ ಹತ್ಯಾಳ. ಕೊಡಲೇನ್ರಿ?

ಮಾಸ್ತರು ಎದ್ದು ನಿಂತರು. ಯಾಕೆ ನಿಂತರೆಂದು ಅವರಿಗೂ ತಿಳಿಯಲಿಲ್ಲ.

ಭಾಗ್ಯಶ್ರೀ: ನಮಸ್ಕಾರ್ರಿ ಸರ್. ನೀವು ಬೇಕಂತ ಉತ್ತರ ಸರಸಿ ಇಟ್ಟೀರಲ್ರಿ, ಅದು ನನಗ ಬಾಳ ಸೇರ್ತ್ರಿ.

ಬಸವಣ್ಣೆಪ್ಪ: ಆಂ? ಬೇಕಂತ?

ಭಾಗ್ಯಶ್ರೀ: ಹೂಂನ್ರಿ. ಸುಮ್ಮ ಬಾಯಿಪಾಠ ಮಾಡಬಾರದು, ವಿಚಾರ ಮಾಡಿ ಓದಬೇಕು ಅಂತ ಹಂಗ ಮಾಡೀರಿ ಅಂತ ನಮ್ಮ ಮೇಡಂ ಹೇಳಿದ್ರು.

ದಾದಾಪೀರ ಎರಡೂ ಕೈ ಎತ್ತಿ, ‘ಹೌದನ್ರಿ, ಹೌದನ್ರಿ’ ಎಂದು ಸನ್ನೆ ಮಾಡಿದ. ಬಸವಣ್ಣೆಪ್ಪ ಮಾಸ್ತರು ಒಂದು ಕ್ಷಣ ಹಿಂದೆಮುಂದೆ ನೋಡಿದರು. ಒಂದೇ ಕ್ಷಣ. ಆಮೇಲೆ ಗಂಟಲು ಸರಿಮಾಡಿಕೊಂಡರು.

ಬಸವಣ್ಣೆಪ್ಪ: ಹೌದವಾ. ಅದು... ಅದೊಂದು ಹೊಸಾ ಪದ್ಧತಿ.

ಭಾಗ್ಯಶ್ರೀ: ನನಗ ಗೊತ್ತಿತ್ರಿ! ಆದ್ರ ಸರ್, ಹದಿನೇಳನೇ ಉತ್ತರ ‘ಹುಣಸೆ’ ಅಂತ ಐತಿ. ಪುಸ್ತಕದಾಗಿನ ಯಾವ ಪ್ರಶ್ನಿಗೂ ಅದು ಕೂಡೂದಿಲ್ಲ. ಅಂದ್ರ ಅದರ ಪ್ರಶ್ನಿ ನೀವು ಬಚ್ಚಿಟ್ಟೀರಿ. ಅದನ್ನ ಹುಡುಕಿದಾವರ ಗೆದ್ದಂಗ, ಹೌದಲ್ರಿ? ನಾ ಎಂಟು ಪ್ರಶ್ನಿ ಬರದೇನಿ. ಸಾರಿಗೆ ಹುಳಿ ಯಾವುದರಿಂದ ಬರತೈತಿ ಅಂತ ಒಂದು. ತಾಮ್ರದ ಕೊಡ ಯಾವುದರಿಂದ ತಿಕ್ಕತಾರ ಅಂತ ಒಂದು. ಖರೇ ಪ್ರಶ್ನಿ ಯಾವುದ್ರಿ ಸರ್?

ಮಾಸ್ತರ ಹೊಸ ಪದ್ಧತಿ ಅಲ್ಲಿಗೆ ಮುಗಿಯಿತು. ಒಂದು ವಾರದಿಂದ ತನ್ನ ಒಂದು ತಪ್ಪಿನ ಬೆನ್ನು ಹತ್ತಿ ಎಂಟು ಪ್ರಶ್ನೆ ಬರೆದ ಹುಡುಗಿಗೆ ಇನ್ನೊಂದು ಸುಳ್ಳು ಹೇಳಲು ಅವರ ನಾಲಿಗೆ ಹೊರಳಲಿಲ್ಲ.

ಬಸವಣ್ಣೆಪ್ಪ: ತಂಗೀ, ಪದ್ಧತಿನೂ ಇಲ್ಲ, ಗಿದ್ಧತಿನೂ ಇಲ್ಲ. ಸವಣೂರಿನ ದೊಡ್ಡಹುಣಸಿ ಮರ ಯಾವ ಜಾತೀದು ಅಂತ ಪ್ರಶ್ನಿ ಇತ್ತು. ಅದಕ್ಕ ನಾ ಹುಣಸೆ ಅಂತ ತಪ್ಪು ಉತ್ತರ ಬರದಿದ್ನಿ. ಗೊತ್ತಾದ ಮ್ಯಾಲ ಮಾನಕ್ಕ ಅಂಜಿ ಪ್ರಶ್ನಿ ಹೊಡದ ಹಾಕಿದ್ನಿ. ಉತ್ತರ ತಗಿಯೂದ ಮರತ್ನಿ. ಇಷ್ಟ ಕಥಿ.

ಮಾಸ್ತರು ಕಣ್ಣು ಮುಚ್ಚಿಕೊಂಡರು.

ಭಾಗ್ಯಶ್ರೀ: ಹಂಗಾರ ಉಳದ ಏಳು ತಪ್ಪುನೂ ನೀವು ಬೇಕಂತ ಮಾಡಿದ್ದಲ್ಲೇನ್ರಿ ಸರ್?

ಬಸವಣ್ಣೆಪ್ಪ: ಉಳದ ಏಳು?

ಭಾಗ್ಯಶ್ರೀ: ಒಂದ ಮನಿ ಕೆಳಗ ಸರಸಿ ಓದಿದ್ರೂ ಏಳು ತಪ್ಪು ಉಳೀತಾವ್ರಿ. ಜಿಲ್ಲೆ ಮೂವತ್ತು ಅಂತ ಬರದೀರಿ, ಈಗ ಮೂವತ್ತೊಂದು. ಗ್ರಹ ಒಂಬತ್ತು ಅಂತ ಐತಿ, ಎಂಟಲ್ರಿ? ದೇಶದಾಗ ರಾಜ್ಯ ಇಪ್ಪತ್ತೊಂಬತ್ತು ಅಂತ ಐತಿ, ಇಪ್ಪತ್ತೆಂಟು...

ದಾದಾಪೀರ: ಗುರುಗಳ, ಇದರಾಗ ನನ್ನ ಪ್ರೆಸ್ಸಿನ ಹೆಸರ ಎತ್ತಬ್ಯಾಡ್ರಿ ಮತ್ತ!

ಬಸವಣ್ಣೆಪ್ಪ (ಪ್ರೂಫಿನ ಬೆನ್ನಿಗೇ ಬರೆದುಕೊಳ್ಳುತ್ತ): ಸಾವಕಾಶ ಹೇಳ ತಂಗಿ. ಗ್ರಹ ಎಂಟು. ಮುಂದ?

ಏಳನ್ನೂ ಬರೆದುಕೊಂಡರು. ಎಲ್ಲವೂ ಅವರ ಹಳೆಯ ನೋಟುಬುಕ್ಕಿನಿಂದ ಇಳಿಸಿದ್ದವು. ಜಗತ್ತು ತನಗೆ ಹೇಳದೆ ಕೇಳದೆ ಇಷ್ಟು ಬದಲಾಗಬಹುದೆಂದು ಅವರು ಎಣಿಸಿರಲಿಲ್ಲ. ಬರೆಯುತ್ತ ಬರೆಯುತ್ತ ಅವರಿಗೆ ನಗು ಬಂತು. ಮೂವತ್ತನಾಲ್ಕು ವರ್ಷದಲ್ಲಿ ಅವರ ಲೇಖನಿ ಒಬ್ಬ ವಿದ್ಯಾರ್ಥಿನಿಯ ಮಾತಿನಂತೆ ಓಡಿದ್ದು ಅದೇ ಮೊದಲು.

ಬಸವಣ್ಣೆಪ್ಪ: ಮುಗೀತೇನು?

ಭಾಗ್ಯಶ್ರೀ: ಪುಸ್ತಕದ್ದು ಮುಗೀತ್ರಿ. ಸಿಟ್ಟ ಬಂತೇನ್ರಿ ಸರ್?

ಬಸವಣ್ಣೆಪ್ಪ: ಇಲ್ಲವಾ. ನಾಲ್ಕು ತಾಲೂಕಿನಾಗ ನನ್ನ ಪುಸ್ತಕ ಓದಿದಾಕಿ ನೀ ಒಬ್ಬಾಕಿ. ನಿನ್ನ ಮ್ಯಾಲ ಸಿಟ್ಟಾದ್ರ ನನಗ ಯಾರ ಉಳೀತಾರ?

ಮರುದಿನ ಹಾನಗಲ್ಲಿನ ಸಭಾಭವನ ತುಂಬಿತ್ತು. ಮಾಸ್ತರು ಪುಸ್ತಕ ಬದಿಗಿಟ್ಟು, ಹಿಂದಿನ ಸಂಜೆ ಮಗಳ ಜೊತೆ ಕೂತು ಒಂದೊಂದನ್ನೂ ತಾಳೆ ನೋಡಿ ಬರೆದ ಹೊಸ ಪ್ರಶ್ನೆಗಳಿಂದ ಸ್ಪರ್ಧೆ ನಡೆಸಿದರು. ಭಾಗ್ಯಶ್ರೀಯ ದುಂಡಸಿ ತಂಡಕ್ಕೆ ಎರಡನೆಯ ಸ್ಥಾನ ಬಂತು. ಬಹುಮಾನ ಹಂಚಿದ ಮೇಲೆ ಮಾಸ್ತರು ಮೈಕು ಬಿಡಲಿಲ್ಲ. ನಡೆದದ್ದನ್ನೆಲ್ಲ ಹುಣಸೆಯಿಂದ ಹಿಡಿದು ಹೇಳಿದರು. ಹಸುವಿನ ಹೊಟ್ಟೆಯ ಮುಳ್ಳಯ್ಯನಗಿರಿಗೆ ಬರುವಷ್ಟರಲ್ಲಿ ಮಕ್ಕಳು ಬೆಂಚಿನ ಮೇಲೆ ಉರುಳಾಡುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ ಕೆಲವು ಹೆಡ್‌ಮಾಸ್ತರುಗಳು ಮಾತ್ರ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಬಸವಣ್ಣೆಪ್ಪ: ಮಕ್ಕಳ, ಇಷ್ಟು ವರ್ಷ ನಾ ಕೇಳೇನಿ, ನೀವು ಹೇಳೀರಿ. ಈಗ ನೀವು ಕೇಳ್ರಿ. ನನಗ ಬರಲಿಲ್ಲಂದ್ರ, ಕೇಳಿದಾವರಿಗೆ ಒಂದು ಪುಸ್ತಕ. ಒಳಗ ತಿದ್ದುಪಡಿ ಚೀಟಿ ಐತಿ.

ಪ್ರೆಸ್ಸಿನಲ್ಲಿ ಉಳಿದಿದ್ದ ನಲವತ್ತು ಪ್ರತಿಗಳನ್ನು ದಾದಾಪೀರ ಹೊತ್ತು ತಂದಿದ್ದ. ಭಾಗ್ಯಶ್ರೀ ಕಂಡುಹಿಡಿದ ತಪ್ಪುಗಳೆಲ್ಲ, ಅವಳ ಹೆಸರಿನೊಂದಿಗೆ, ಒಂದು ಚೀಟಿಯಲ್ಲಿ ಅಚ್ಚಾಗಿ ಪ್ರತಿ ಪುಸ್ತಕದೊಳಗೂ ಕೂತಿದ್ದವು.

ಒಬ್ಬ ಹುಡುಗ: ಸರ್, ಆಕ್ಟೋಪಸ್‌ಗೆ ಎಷ್ಟು ಹೃದಯ?

ಬಸವಣ್ಣೆಪ್ಪ: ಒಂದ... ಅಲ್ಲೇನೊ?

ಹುಡುಗ: ಮೂರು ಸರ್!

ಬಸವಣ್ಣೆಪ್ಪ: ಕೊಡ್ರಿ ಸಾಹೇಬ್ರ ಒಂದು.

ಒಬ್ಬ ಹುಡುಗಿ: ಶುಕ್ರ ಗ್ರಹದ ಮ್ಯಾಲ ದಿನ ಉದ್ದೋ, ವರ್ಷ ಉದ್ದೋ?

ಬಸವಣ್ಣೆಪ್ಪ: ಇದೇನ್ ಕೇಳ್ತಿ! ವರ್ಷ.

ಹುಡುಗಿ: ದಿನ ಸರ್! ಅದು ತನ್ನ ಸುತ್ತ ತಿರುಗೂದು ಬಾಳ ಸಾವಕಾಶ.

ಬಸವಣ್ಣೆಪ್ಪ: ನನ್ನಂಗ. ಕೊಡ್ರಿ ಇನ್ನೊಂದು.

ಸಾಲು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಜೇನುನೊಣಕ್ಕೆ ಐದು ಕಣ್ಣೆಂದು ಮಾಸ್ತರಿಗೆ ಗೊತ್ತಿರಲಿಲ್ಲ, ಜಿರಾಫೆಯ ಕುತ್ತಿಗೆಯಲ್ಲಿ ಏಳೇ ಎಲುಬೆಂದೂ ಗೊತ್ತಿರಲಿಲ್ಲ. ಗೊತ್ತಿದ್ದ ಕೆಲವನ್ನು ಹೇಳಿ ಒಂದಿಷ್ಟು ಮಾನ ಕಾಯ್ದುಕೊಂಡರು. ಆದರೂ ಒಂದು ತಾಸಿನಲ್ಲಿ ಮೂವತ್ತೊಂಬತ್ತು ಪುಸ್ತಕ ಖಾಲಿಯಾಗಿ, ಒಂದೇ ಒಂದು ಉಳಿಯಿತು. ಕಡೆಗೆ ಬಂದವಳು ಹಂಸಭಾವಿಯ ಐದನೇ ತರಗತಿಯ ಪುಟ್ಟ ಹುಡುಗಿ. ಹೆಸರು ಇರಮ. ಅವಳ ಕಣ್ಣು ಮಾಸ್ತರ ಮೇಲಿರಲಿಲ್ಲ, ದಾದಾಪೀರನ ಕೈಯಲ್ಲಿದ್ದ ಪುಸ್ತಕದ ಮೇಲಿತ್ತು.

ಇರಮ: ಸರ್... ಜೇಡಕ್ಕ ಎಷ್ಟು ಕಾಲ್ರಿ?

ಮಾಸ್ತರು ಬಾಯಿ ತೆರೆದು, ಹಾಗೆಯೇ ನಿಂತರು. ಮೂರನೆಯ ತರಗತಿಗೆ ತಾವೇ ಸಾವಿರ ಸಲ ಕಲಿಸಿದ್ದು. ಹುಡುಗಿ ತುಟಿ ಕಚ್ಚಿಕೊಂಡು ಕಾಯುತ್ತಿದ್ದಳು. ಮಾಸ್ತರು ತಲೆ ಕೆರೆದರು, ಛಾವಣಿ ನೋಡಿದರು, ಬೆರಳು ಮಡಚಿ ಎಣಿಸಿದರು.

ಬಸವಣ್ಣೆಪ್ಪ: ಆರು.

ಇರಮ: ಎಂಟು ಸರ್! ಎಂಟು!

ಪುಸ್ತಕವನ್ನು ಎದೆಗೆ ಅವಚಿಕೊಂಡು ಅವಳು ಓಡಿದಳು. ದಾದಾಪೀರ ಖಾಲಿ ಚೀಲ ಝಾಡಿಸುತ್ತ ಹತ್ತಿರ ಬಂದ.

ದಾದಾಪೀರ: ಗುರುಗಳ, ಖರೇ ಹೇಳ್ರಿ. ಜೇಡದ ಕಾಲು ನಿಮಗ ಗೊತ್ತಿರಲಿಲ್ಲೇನ್ರಿ?

ಬಸವಣ್ಣೆಪ್ಪ: ಗೊತ್ತಿತ್ತು ಸಾಹೇಬ್ರ. ಆ ಹುಡುಗಿಗೆ ಹೇಳಬ್ಯಾಡ್ರಿ. ಉಳದ ಮೂವತ್ತೊಂಬತ್ತೂ ಖರೇನ ಗೊತ್ತಿರಲಿಲ್ಲ, ಅದನ್ನ ಯಾರಿಗೆ ಬೇಕಾದ್ರೂ ಹೇಳ್ರಿ.